ಕೂಡಿಟ್ಟು ಕೊಟ್ಟವಳು

ನಮ್ಮ ಮನೆಯ ಅಟ್ಟದ ಮೇಲೆ ಹಲಸಿನ ಹಲಗೆಯ ಪೆಟ್ಟಿಗೆಯೊಂದಿತ್ತು. ಅದರ ತಳದಲ್ಲಿ ನನ್ನ ಅಜ್ಜಿಯ ಧಾರೆಯ ಸೀರೆ ಬಹುಕಾಲದಿಂದ ಮಡಿಸಿಟ್ಟಂತೆಯೇ ಇತ್ತು. ಮಡಿಕೆ ಬಿದ್ದೆಡೆಯಲ್ಲೆಲ್ಲ ರೇಷ್ಮೆ ಸೀಳಿಹೋಗಿತ್ತು. ಸೆರಗಿನ ಜರಿ ಮಾತ್ರ ಕಪ್ಪಾಗಿದ್ದರೂ ಗಟ್ಟಿಯಾಗಿತ್ತು. ನಾನು ಕಾಲೇಜು ಸೇರಿದ ವರ್ಷ, ಹಳೆಯ ಜರತಾರಿ ಸೀರೆಗೆ ಸ್ಟೀಲು ಪಾತ್ರೆ ಕೊಡುವವನೊಬ್ಬ ಬೀದಿಯಲ್ಲಿ ಕೂಗಿಕೊಂಡು ಬಂದ. ಸೀರೆಯನ್ನು ಸುಟ್ಟು ಜರಿಯೊಳಗಿನ ಬೆಳ್ಳಿಯನ್ನು ತೆಗೆಯುವುದು ಅಂಥವರ ಕಸುಬು. ಅಟ್ಟ ಹತ್ತಿ ಸೀರೆಯನ್ನು ಇಳಿಸಿ ತಂದು ಅವನ ಮುಂದೆ ಹಾಕಿದವನು ನಾನೇ. ಅಜ್ಜಿ ಬೇಡವೆನ್ನಲಿಲ್ಲ, ಅಂಚಿನ ಮೇಲೆ ಒಮ್ಮೆ ಬೆರಳಾಡಿಸಿ ಒಳಗೆ ಹೋದರು. ಪ್ರತಿಯಾಗಿ ಬಂದ ಎರಡು ಪಾತ್ರೆಗಳಲ್ಲಿ ಒಂದು ಈಗಲೂ ನಮ್ಮ ಅಡುಗೆಮನೆಯಲ್ಲಿದೆ. ಆ ಸೆರಗಿನ ಮೇಲೆ ಹಂಸವಿತ್ತೋ ಮಾವಿನಕಾಯಿಯಿತ್ತೋ ಎಂಬುದನ್ನು ಹೇಳಬಲ್ಲವರು ಮಾತ್ರ ಇಂದು ಯಾರೂ ಉಳಿದಿಲ್ಲ.

ಮರೆತೇಹೋಗಿದ್ದ ಈ ಸಂಗತಿ ನನಗೆ ಮತ್ತೆ ನೆನಪಾದುದು ಲೇಡಿ ಷಾರ್ಲಟ್ ಷ್ರೈಬರ್ ಎಂಬಾಕೆಯ ಜೀವನಚರಿತ್ರೆಯನ್ನು ಓದುವಾಗ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಈಕೆ ಇನ್ನೊಂದು ಹೆಸರಿನಿಂದ ಪರಿಚಿತಳು. ವೇಲ್ಸ್ ದೇಶದ ಪ್ರಾಚೀನ ಕಥೆಗಳನ್ನು ಮ್ಯಾಬಿನೋಗಿಯನ್ ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ತಂದ ಲೇಡಿ ಷಾರ್ಲಟ್ ಗೆಸ್ಟ್ ಈಕೆಯೇ. ಪಿಂಗಾಣಿಯ ಪಂಡಿತರು ಷ್ರೈಬರ್ ಎಂಬ ಹೆಸರನ್ನು ಬಲ್ಲರು. ಜಾನಪದದ ಪಂಡಿತರು ಗೆಸ್ಟ್ ಎಂಬ ಹೆಸರನ್ನು ಬಲ್ಲರು. ಇಬ್ಬರೂ ಒಬ್ಬಳೇ ಎಂಬುದು ಎಷ್ಟೋ ಮಂದಿಗೆ ತಿಳಿಯದು. ಒಂದು ಜನ್ಮದಲ್ಲಿ ಎರಡು ಜನ್ಮಗಳನ್ನು ಬಾಳಿದಂತಿರುವ ಈಕೆಯ ಬದುಕಿನಲ್ಲಿ ನಾನು ಕಂಡ ಸೂತ್ರ ಒಂದೇ: ಇತರರು ಕೈಬಿಟ್ಟುದನ್ನು ಎತ್ತಿಕೊಳ್ಳುವುದು, ಎತ್ತಿಕೊಂಡುದನ್ನು ಅರಿಯುವುದು, ಅರಿತುದನ್ನು ಎಲ್ಲರ ಕೈಗೆ ಒಪ್ಪಿಸುವುದು.

ಷಾರ್ಲಟ್ ಹುಟ್ಟಿದುದು ೧೮೧೨ರ ಮೇ ೧೯ರಂದು, ಇಂಗ್ಲೆಂಡಿನ ಲಿಂಕನ್‌ಷೈರಿನ ಅಫಿಂಗ್ಟನ್ ಎಂಬಲ್ಲಿ. ತಂದೆ ಲಿಂಡ್ಸೆಯ ಒಂಬತ್ತನೆಯ ಅರ್ಲ್. ಆಕೆಗೆ ಆರು ವರ್ಷವಾಗಿದ್ದಾಗ ಆತ ತೀರಿಕೊಂಡ. ೧೮೨೧ರಲ್ಲಿ ತಾಯಿ ಪೀಟರ್ ಪೆಗಸ್ ಎಂಬ ಪಾದ್ರಿಯನ್ನು ಮರುಮದುವೆಯಾದಳು. ಆ ಮಲತಂದೆಯನ್ನು ಕಂಡರೆ ಹುಡುಗಿಗೆ ಆಗುತ್ತಿರಲಿಲ್ಲ. ದೊಡ್ಡ ಮನೆ, ಸಣ್ಣ ಮನಸ್ಸುಗಳು. ಇವುಗಳ ನಡುವೆ ಆಕೆಗೆ ಉಳಿದ ದಾರಿ ಪುಸ್ತಕಗಳದು. ತಮ್ಮಂದಿರಿಗಾಗಿ ಬರುತ್ತಿದ್ದ ಉಪಾಧ್ಯಾಯನಿಂದ ಗ್ರೀಕ್, ಲ್ಯಾಟಿನ್ ಕಲಿತಳು; ಅರಬ್ಬಿ, ಹೀಬ್ರೂ, ಪಾರಸಿಗಳನ್ನು ತಾನಾಗಿಯೇ ಕಲಿತುಕೊಂಡಳು. ಹತ್ತು ವರ್ಷ ತುಂಬುವ ಮೊದಲೇ, ೧೮೨೨ರಲ್ಲಿ, ದಿನಚರಿ ಬರೆಯತೊಡಗಿದಳು. ಅಂದು ಹಿಡಿದ ಲೇಖನಿಯನ್ನು ಕೆಳಗಿಟ್ಟುದು ೧೮೯೧ರಲ್ಲಿ, ಕಣ್ಣು ಸೋತಾಗ. ಸುಮಾರು ಎಪ್ಪತ್ತು ವರ್ಷಗಳ ಆ ಬರಹವೇ ಆಕೆಯ ಮೊದಲ ಸಂಗ್ರಹವೆನ್ನಬಹುದು. ದಿನವೊಂದನ್ನೂ ವ್ಯರ್ಥವಾಗಿ ಕಳೆಯಗೊಡಬಾರದೆಂಬ ಹಂಬಲ ಬಾಲ್ಯದಲ್ಲಿಯೇ ಮೊಳೆತಿತ್ತು.

೧೮೩೩ರ ಜುಲೈಯಲ್ಲಿ, ಇಪ್ಪತ್ತೊಂದರ ಪ್ರಾಯದಲ್ಲಿ, ಆಕೆ ಜಾನ್ ಗೆಸ್ಟ್ ಎಂಬಾತನನ್ನು ಮದುವೆಯಾದಳು. ಆತನಿಗೆ ಆಗ ನಲವತ್ತೆಂಟು. ದಕ್ಷಿಣ ವೇಲ್ಸಿನ ಮರ್ಥರ್ ಟಿಡ್‌ಫಿಲ್ ಪಟ್ಟಣದ ಬಳಿಯ ಡೌಲೈಸ್ ಕಬ್ಬಿಣದ ಕಾರ್ಖಾನೆಯ ಒಡೆಯ, ಪಾರ್ಲಿಮೆಂಟಿನ ಸದಸ್ಯ. ಜಗತ್ತಿನ ಅತಿದೊಡ್ಡ ಕಾರ್ಖಾನೆಗಳಲ್ಲಿ ಅದೂ ಒಂದು. ಕುಲೀನರ ದೃಷ್ಟಿಯಲ್ಲಿ ಅವನು ಎಷ್ಟು ಶ್ರೀಮಂತನಾದರೂ ವ್ಯಾಪಾರಿಯೇ. ಅರ್ಲನ ಮಗಳು ಕುಲುಮೆಯ ಹೊಗೆಗೆ ಸೊಸೆಯಾಗಿ ಹೋದಳೆಂದು ಮೂಗು ಮುರಿದವರುಂಟು. ಹೋದವಳು ಸುಮ್ಮನೆ ಕೂರಲಿಲ್ಲ. ಕಾರ್ಖಾನೆಯ ಲೆಕ್ಕಪತ್ರಗಳನ್ನು ನೋಡಲು ಕಲಿತಳು. ಕುಲುಮೆಯ ಬಿಸಿಗಾಳಿಯ ಬಳಕೆಯನ್ನು ಕುರಿತ ಫ್ರೆಂಚ್ ಹೊತ್ತಗೆಯನ್ನು ಅನುವಾದಿಸಿದಳು. ಕೆಲಸಗಾರರ ಮಕ್ಕಳಿಗೆ ಶಾಲೆಗಳನ್ನು ನಡೆಸಿದಳು. ಆ ಜನರ ಭಾಷೆಯಾದ ವೆಲ್ಷನ್ನೂ ಕಲಿಯತೊಡಗಿದಳು.

ಮ್ಯಾಬಿನೋಗಿಯನ್ನಿನ ಕಥೆ ಇಲ್ಲಿ ಆರಂಭವಾಗುತ್ತದೆ. ಕ್ರಿ.ಶ. ೧೪೦೦ರ ಸುಮಾರಿನಲ್ಲಿ ಬರೆದ ಹರ್ಗೆಸ್ಟಿನ ಕೆಂಪು ಪುಸ್ತಕವೆಂಬ ಹಸ್ತಪ್ರತಿ ಆಕ್ಸ್‌ಫರ್ಡಿನ ಜೀಸಸ್ ಕಾಲೇಜಿನ ವಶದಲ್ಲಿತ್ತು. ಅದರೊಳಗಿನ ಕಥೆಗಳನ್ನು ವೇಲ್ಸಿನ ವಿದ್ವಾಂಸರು ಬಲ್ಲವರಾಗಿದ್ದರು. ಹೊರಗಿನ ಲೋಕಕ್ಕೆ ಅವು ಇದ್ದೂ ಇಲ್ಲದಂತಿದ್ದುವು. ಟೆಗಿಡ್ ಎಂಬ ಕಾವ್ಯನಾಮದ ಜಾನ್ ಜೋನ್ಸ್ ಆ ಪಾಠದ ಪ್ರತಿಯನ್ನು ಒದಗಿಸಿದ. ಪಾದ್ರಿ ಥಾಮಸ್ ಪ್ರೈಸ್ ನೆರವಾದ. ಮೊದಲ ಭಾಗ ೧೮೩೮ರಲ್ಲಿ ಹೊರಬಂದಿತು, ಏಳನೆಯದು ೧೮೪೫ರಲ್ಲಿ, ಮೂರು ಸಂಪುಟಗಳ ಪೂರ್ಣಗ್ರಂಥ ೧೮೪೯ರಲ್ಲಿ. ೧೮೩೪ರಿಂದ ೧೮೪೭ರವರೆಗೆ ಆಕೆ ಹತ್ತು ಮಕ್ಕಳನ್ನು ಹೆತ್ತಳು. ಎರಡು ಕಾಲಾವಧಿಗಳನ್ನೂ ಒಂದರ ಮೇಲೊಂದು ಇಟ್ಟು ನೋಡಿದರೆ, ತೊಟ್ಟಿಲು, ನಿಘಂಟು, ಕಾರ್ಖಾನೆಯ ಲೆಕ್ಕದ ಪುಸ್ತಕ ಈ ಮೂರೂ ಒಂದೇ ಮೇಜಿನ ಸುತ್ತ ಇದ್ದ ಮನೆಯೊಂದು ಕಣ್ಣಿಗೆ ಕಟ್ಟುತ್ತದೆ. ಗ್ರಂಥವನ್ನು ಆಕೆ ಅರ್ಪಿಸಿದುದು ತನ್ನ ಮಕ್ಕಳಾದ ಐವರ್ ಮತ್ತು ಮರ್ಥರ್ ಇಬ್ಬರಿಗೆ.

ದೋಷಗಳಿಲ್ಲದೆ ಇಲ್ಲ. ಮಕ್ಕಳ ಕಿವಿಗೆ ಸಲ್ಲದೆಂದು ತೋರಿದ ಕೆಲವು ಸಂಗತಿಗಳನ್ನು ಬಿಟ್ಟಳು. ಮ್ಯಾಬಿನೋಗಿಯನ್ ಎಂಬ ಪದವೂ ಹಳೆಯ ಲಿಪಿಕಾರನೊಬ್ಬನ ಕೈತಪ್ಪಿನಿಂದ ಹುಟ್ಟಿದ ರೂಪವೆಂದು ವಿದ್ವಾಂಸರು ಹೇಳುತ್ತಾರೆ. ಈಕೆಯ ದೆಸೆಯಿಂದ ಅದೇ ಲೋಕಪ್ರಸಿದ್ಧವಾಗಿ ನಿಂತಿತು. ಆದರೂ ಟೆನಿಸನ್ ಕವಿ ಗೆರೆಯಿಂಟ್ ಮತ್ತು ಈನಿಡರ ಕಥೆಯನ್ನು ತನ್ನ ಕಾವ್ಯಕ್ಕೆ ತೆಗೆದುಕೊಂಡುದು ಈಕೆಯ ಅನುವಾದದಿಂದಲೇ. ಸುಮಾರು ನೂರು ವರ್ಷಗಳ ಕಾಲ ಇಂಗ್ಲಿಷ್ ಬಲ್ಲವರು ಆ ಕಥೆಗಳ ಬಾಗಿಲು ತಟ್ಟಿದುದು ಈ ಮನೆಯ ಮುಂದೆಯೇ.

ಇಷ್ಟು ಹೇಳಿ ನಿಲ್ಲಿಸಿದರೆ ಚರಿತ್ರೆ ಸುಂದರವಾಗಿರುತ್ತದೆ, ಪೂರ್ಣವಾಗುವುದಿಲ್ಲ. ಈ ವಿದ್ವತ್ತಿಗೂ ಮುಂದಿನ ಸಂಗ್ರಹಕ್ಕೂ ಬೇಕಾದ ಬಿಡುವನ್ನೂ ಹಣವನ್ನೂ ಒದಗಿಸಿದುದು ಡೌಲೈಸಿನ ಊದುಕುಲುಮೆಗಳು. ೧೮೪೬ರಲ್ಲಿ ಗೆಸ್ಟ್ ಕುಟುಂಬ ಡಾರ್ಸೆಟ್ಟಿನ ಕ್ಯಾನ್‌ಫರ್ಡ್ ಬಂಗಲೆಯನ್ನು ಕೊಂಡು, ಪಾರ್ಲಿಮೆಂಟಿನ ಭವನವನ್ನು ರೂಪಿಸಿದ ಚಾರ್ಲ್ಸ್ ಬ್ಯಾರಿಯಿಂದಲೇ ಅದನ್ನು ಹೊಸದಾಗಿ ಕಟ್ಟಿಸಿತು. ಅದೇ ದಶಕದ ೧೮೪೯ರಲ್ಲಿ ಮರ್ಥರ್ ಟಿಡ್‌ಫಿಲ್ಲಿನಲ್ಲಿ ಕಾಲರಾ ಬಡಿದು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಶುದ್ಧವಾದ ನೀರಿಲ್ಲದ, ಚರಂಡಿಯಿಲ್ಲದ ಊರದು. ೧೮೫೨ರ ನವೆಂಬರಿನಲ್ಲಿ ಜಾನ್ ಗೆಸ್ಟ್ ತೀರಿಕೊಂಡ ಮೇಲೆ ಕಾರ್ಖಾನೆಯ ಆಡಳಿತ ವಿಧವೆಯ ಕೈಗೆ ಬಂದಿತು. ಸಾವಿರಾರು ಗಂಡಸರು ದುಡಿಯುವ ಕಾರ್ಖಾನೆಯನ್ನು ಹೆಣ್ಣೊಬ್ಬಳು ನಡೆಸುವುದು ಆ ಕಾಲಕ್ಕೆ ಅಚ್ಚರಿಯ ಸಂಗತಿ. ಆಕೆ ಸಮರ್ಥವಾಗಿ ನಡೆಸಿದಳು. ಆದರೆ ೧೮೫೩ರಲ್ಲಿ ಹೆಚ್ಚಿನ ಕೂಲಿಗಾಗಿ ಗಣಿಯಾಳುಗಳು ಮುಷ್ಕರ ಹೂಡಿದಾಗ ಮಣಿಯಲಿಲ್ಲ. ಅವರ ಮಕ್ಕಳಿಗೆ ಶಾಲೆ ನಡೆಸಿದವಳೂ ಅವಳೇ, ಅವರ ಕೂಲಿಗೆ ಒಪ್ಪದವಳೂ ಅವಳೇ. ಈ ಎರಡನ್ನೂ ಜೊತೆಯಲ್ಲಿ ನೆನೆಯದೆ ಆಕೆಯನ್ನು ಹೊಗಳುವುದು ನನಗೆ ಸಾಧ್ಯವಾಗುತ್ತಿಲ್ಲ.

ಬದುಕಿನ ಎರಡನೆಯ ಭಾಗ ೧೮೫೫ರ ಏಪ್ರಿಲಿನಲ್ಲಿ ತೊಡಗುತ್ತದೆ. ಹಿರಿಯ ಮಗ ಐವರನಿಗೆ ಪಾಠ ಹೇಳಲು ಬಂದ ಚಾರ್ಲ್ಸ್ ಷ್ರೈಬರ್ ಕೇಂಬ್ರಿಜಿನ ಟ್ರಿನಿಟಿ ಕಾಲೇಜಿನ ಫೆಲೋ. ವಯಸ್ಸಿನಲ್ಲಿ ಆಕೆಗಿಂತ ಹದಿನಾಲ್ಕು ವರ್ಷ ಕಿರಿಯ. ಹತ್ತು ಮಕ್ಕಳ ತಾಯಿ ಆತನನ್ನು ಮದುವೆಯಾದಳು. ಸಮಾಜ ಮುಖ ತಿರುಗಿಸಿತು. ಕಾರ್ಖಾನೆಯ ಅಧಿಕಾರ ಕೈಬಿಟ್ಟಿತು. ಈ ನಷ್ಟಗಳನ್ನು ಆಕೆ ತಿಳಿದೇ ಒಪ್ಪಿಕೊಂಡಳು. ಮುಂದಿನ ಇಪ್ಪತ್ತೊಂಬತ್ತು ವರ್ಷಗಳ ದಾಂಪತ್ಯವನ್ನು ನೋಡಿದರೆ ಆ ವ್ಯಾಪಾರದಲ್ಲಿ ಆಕೆಗೆ ಲಾಭವೇ ಆಯಿತೆನ್ನಬೇಕು.

ಐವತ್ತು ದಾಟಿದ ಮೇಲೆ, ೧೮೬೫ರ ಸುಮಾರಿನಿಂದ, ಗಂಡಹೆಂಡಿರಿಬ್ಬರಿಗೂ ಹಳೆಯ ಪಿಂಗಾಣಿಯ ಹುಚ್ಚು ಹಿಡಿಯಿತು. ಹುಚ್ಚೆಂಬ ಮಾತನ್ನು ಆ ಕಾಲದವರೇ ಬಳಸುತ್ತಿದ್ದರು. ಹಾಲೆಂಡ್, ಬೆಲ್ಜಿಯಂ, ಫ್ರಾನ್ಸ್, ಜರ್ಮನಿ, ಸ್ಪೇನ್, ಇಟಲಿ, ಕಡೆಗೆ ತುರ್ಕಿಯವರೆಗೂ ರೈಲಿನಲ್ಲಿ, ಗಾಡಿಯಲ್ಲಿ, ಹಡಗಿನಲ್ಲಿ ಅಲೆದರು. ಅರಮನೆಗಳನ್ನೂ ದೇವಾಲಯಗಳನ್ನೂ ನೋಡಲು ಯಾತ್ರಿಕರು ಹೋಗುವ ಊರುಗಳಲ್ಲಿ ಇವರು ಹುಡುಕುತ್ತಿದ್ದುದು ಓಣಿಯ ಹಳೆಸಾಮಾನಿನ ಅಂಗಡಿಗಳನ್ನು. ದೂಳು ಹಿಡಿದ ಕಪಾಟಿನ ಹಿಂದೆ ಇಂಗ್ಲೆಂಡಿನ ಚೆಲ್ಸಿಯದೋ ವೂಸ್ಟರಿನದೋ ಬಟ್ಟಲೊಂದು ಕಂಡರೆ ಆ ದಿನ ಸಾರ್ಥಕ. ತಮ್ಮ ಅಲೆದಾಟವನ್ನು ಆಕೆ ಬೇಟೆಯೆಂದೇ ಕರೆದುಕೊಂಡಳು. ಬೇಟೆಗಾರನಂತೆಯೇ ಎಲ್ಲಿ ಏನು ಸಿಕ್ಕಿತು, ಎಷ್ಟು ಕೊಟ್ಟೆವು, ಯಾವುದು ತಪ್ಪಿಸಿಕೊಂಡಿತು ಎಂಬುದನ್ನು ದಿನಚರಿಯಲ್ಲಿ ಬರೆದಿಟ್ಟಳು. ಆ ಬರಹಗಳಲ್ಲಿ ೧೮೬೯ರಿಂದ ೧೮೮೫ರವರೆಗಿನ ಭಾಗವನ್ನು ಮಗ ಮಾಂಟೆಗ್ಯು ಸಂಪಾದಿಸಿದ. ಅದು ೧೯೧೧ರಲ್ಲಿ ಎರಡು ಸಂಪುಟಗಳಾಗಿ ಹೊರಬಂದಿತು. ತಾಯಿಯ ಹುಚ್ಚು ಆ ಮಗನಿಗೂ ಅಂಟಿತ್ತು.

ಹಣವಿದ್ದವರೆಲ್ಲ ಕೊಳ್ಳಬಲ್ಲರು. ಈಕೆಯನ್ನು ಅವರಿಂದ ಬೇರ್ಪಡಿಸುವುದು ತಿಳಿಯುವ ಹಟ. ಹಸ್ತಪ್ರತಿಯ ಪಾಠಾಂತರವನ್ನು ತೂಗಿದ ಕಣ್ಣೇ ಬಟ್ಟಲಿನ ಅಡಿಯ ಮುದ್ರೆಯನ್ನೂ ತೂಗಿತು. ಲಂಗರಿನ ಗುರುತೋ ಅರ್ಧಚಂದ್ರವೋ, ಬಣ್ಣ ಯಾವ ಕಾಲದ್ದು, ಮಣ್ಣು ಯಾವ ಕಾರ್ಖಾನೆಯದು ಎಂದು ಒಂದೊಂದನ್ನೂ ಹೋಲಿಸಿ ನೋಡಬೇಕು. ಪ್ಯಾರಿಸ್ಸಿನ ಸ್ಯಾಮ್ಸನ್ ಮನೆತನದವರು ಹಳೆಯ ಪಿಂಗಾಣಿಯನ್ನು ಹೋಲುವ ಹೊಸ ಪಿಂಗಾಣಿಯನ್ನು ಕೈಚಳಕದಿಂದ ಮಾಡುತ್ತಿದ್ದ ಕಾಲವದು. ಹದಿನೆಂಟನೆಯ ಶತಮಾನದಲ್ಲಿ ಲಂಡನ್ನಿನ ಪೂರ್ವಕ್ಕಿದ್ದ ಬೋ ಎಂಬ ಪಿಂಗಾಣಿ ಕಾರ್ಖಾನೆಯ ಗುಮಾಸ್ತ ಜಾನ್ ಬೋಕಾಕ್ ಬರೆದಿಟ್ಟ ಟಿಪ್ಪಣಿ ಪುಸ್ತಕಗಳು ಈಕೆಯ ಕೈ ಸೇರಿದುವು. ಮುಚ್ಚಿಹೋದ ಕಾರ್ಖಾನೆಯ ಗುಮಾಸ್ತನ ಚೀಟಿಗಳಿಗೆ ಯಾರು ಬೆಲೆ ಕೊಡುತ್ತಾರೆ? ಯಾವ ಬೊಂಬೆ ಯಾವಾಗ ತಯಾರಾಯಿತು, ಯಾರು ಏನು ಕೊಂಡರು ಎಂಬುದಕ್ಕೆ ಅವೇ ಮುಂದೆ ಆಧಾರಗಳಾದುವು. ಓಲೆಗರಿಯ ಕಟ್ಟಿನ ಕೊನೆಯಲ್ಲಿ ಲಿಪಿಕಾರ ಗೀಚಿದ ಒಂದು ಸಾಲಿನಿಂದ ಕವಿಯ ಕಾಲವನ್ನು ಹಿಡಿದ ನಮ್ಮ ಸಂಪಾದಕರಿಗೆ ಇದು ಹೊಸ ಮಾತಲ್ಲ.

ಇಲ್ಲಿ ನನ್ನ ಮನಸ್ಸು ಸ್ವಲ್ಪ ತಡೆಯುತ್ತದೆ. ಮಾರುವವನಿಗೆ ಗೊತ್ತಿಲ್ಲದ ಬೆಲೆ ಕೊಳ್ಳುವವನಿಗೆ ಗೊತ್ತಿದ್ದರೆ, ಆ ವ್ಯಾಪಾರ ನ್ಯಾಯವೇ? ಅಗ್ಗವಾಗಿ ಸಿಕ್ಕಿತೆಂಬ ಸಂತೋಷ ಆಕೆಯ ದಿನಚರಿಯಲ್ಲಿ ಮರೆಯಿಲ್ಲದೆ ಕಾಣುತ್ತದೆ. ನಮ್ಮ ಬೀದಿಗೆ ಬಂದ ಪಾತ್ರೆಯವನೂ ಅಗ್ಗವಾಗಿಯೇ ಕೊಂಡ. ಆದರೆ ಅವನು ಸೀರೆಯಲ್ಲಿ ಕಂಡುದು ಬೆಳ್ಳಿಯನ್ನು. ಅದರ ಸಲುವಾಗಿ ಸೀರೆ ಬೂದಿಯಾಯಿತು. ಆಕೆ ಬಟ್ಟಲಿನಲ್ಲಿ ಕಂಡುದು ಬಟ್ಟಲನ್ನೇ. ಇದು ವ್ಯಾಪಾರದ ಅನ್ಯಾಯವನ್ನು ಪೂರ್ತಿ ತೊಳೆಯುವುದಿಲ್ಲ. ತೊಳೆಯುವ ಕೆಲಸಕ್ಕೆ ಆಕೆ ಕೈಹಾಕಿದುದು ಮುಂದೆ, ದುಃಖದ ದಿನಗಳಲ್ಲಿ.

ಆರೋಗ್ಯ ಕೆಟ್ಟ ಚಾರ್ಲ್ಸ್ ೧೮೮೪ರ ಮಾರ್ಚಿಯಲ್ಲಿ ಲಿಸ್ಬನ್ನಿನಲ್ಲಿ ತೀರಿಕೊಂಡ. ಆಕೆಗೆ ಎಪ್ಪತ್ತೊಂದು. ಜೊತೆಯಾಗಿ ಹುಡುಕಿ ತಂದ ವಸ್ತುಗಳು ಮನೆಯ ತುಂಬ ಕುಳಿತು ಒಬ್ಬೊಬ್ಬರ ನೆನಪನ್ನೂ ಕೆದಕುವಂತಿದ್ದುವು. ಅವನ್ನು ಬೀಗದೊಳಗಿಟ್ಟು ಕಾಯುತ್ತ ಕೂರಬಹುದಾಗಿತ್ತು. ಹರಾಜಿಗಿಟ್ಟು ಹಣ ಮಾಡಬಹುದಾಗಿತ್ತು. ಆಕೆ ಆ ವರ್ಷವೇ ಇಂಗ್ಲಿಷ್ ಪಿಂಗಾಣಿ, ಮೀನಾಕಾರಿ, ಗಾಜುಗಳ ಸುಮಾರು ೧,೮೦೦ ವಸ್ತುಗಳನ್ನು ಗಂಡನ ಸ್ಮಾರಕವಾಗಿ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಸಂಗ್ರಹಾಲಯಕ್ಕೆ ಕೊಟ್ಟುಬಿಟ್ಟಳು. ಇಂದು ವಿಕ್ಟೋರಿಯ ಅಂಡ್ ಆಲ್ಬರ್ಟ್ ಎಂದು ಹೆಸರಾದ ಸಂಗ್ರಹಾಲಯವದು. ಕೊಟ್ಟು ಕೈತೊಳೆದುಕೊಳ್ಳಲಿಲ್ಲ, ಒಂದೊಂದು ವಸ್ತುವಿಗೂ ವಿವರ ಬರೆದು ತಾನೇ ಸೂಚಿಯನ್ನು ಸಿದ್ಧಪಡಿಸಿದಳು. ಅದು ೧೮೮೫ರಲ್ಲಿ ಅಚ್ಚಾಯಿತು. ದಾನ ಕೊಡುವವರು ಬಹಳ. ಕೊಟ್ಟುದನ್ನು ಓದಲು ಕಲಿಸಿಕೊಡುವವರು ವಿರಳ.

ಅಲ್ಲಿಗೆ ಅಲೆದಾಟ ಮುಗಿಯಿತೆಂದುಕೊಂಡರೆ ತಪ್ಪಾದೀತು. ಪಿಂಗಾಣಿಯ ಕಪಾಟು ಬರಿದಾದ ಮೇಲೆ ಮುಪ್ಪಿನಲ್ಲಿ ಆಕೆಯ ಮನಸ್ಸು ಮತ್ತೂ ಸೂಕ್ಷ್ಮವಾದ, ಮತ್ತೂ ಬೇಗ ಹಾಳಾಗುವ ವಸ್ತುಗಳ ಕಡೆ ತಿರುಗಿತು: ಮಡಿಚುವ ಬೀಸಣಿಗೆಗಳು, ಇಸ್ಪೀಟಿನ ಎಲೆಗಳು. ಪಾಶ್ಚಾತ್ಯ ಹೆಂಗಸರ ಬೀಸಣಿಗೆಯೆಂದರೆ ದಂತದ ಕಡ್ಡಿಗಳ ಮೇಲೆ ರೇಷ್ಮೆಯನ್ನೋ ಹದಮಾಡಿದ ತೆಳುದೊಗಲನ್ನೋ ನೂಲಿನ ಜಾಲರಿಯಾದ ಲೇಸನ್ನೋ ಕಾಗದವನ್ನೋ ಹೊದಿಸಿದ ಅಲಂಕಾರ. ಹರಿದರೆ ಕಸ. ಆದರೆ ಹದಿನೆಂಟನೆಯ ಶತಮಾನದಲ್ಲಿ ಕಾಗದದ ಬೀಸಣಿಗೆಗಳ ಮೇಲೆ ಏನೇನನ್ನೋ ಅಚ್ಚು ಹಾಕುತ್ತಿದ್ದರು: ಪಂಚಾಂಗ, ಒಗಟು, ನೃತ್ಯದ ಹೆಜ್ಜೆಗಳು, ನಾಟಕಶಾಲೆಯಲ್ಲಿ ಯಾರ ಆಸನ ಎಲ್ಲಿ ಎಂಬ ನಕ್ಷೆ, ಫ್ರಾನ್ಸಿನ ಕ್ರಾಂತಿಯ ಚಿತ್ರಗಳು. ವಾರನ್ ಹೇಸ್ಟಿಂಗ್ಸನ ವಿಚಾರಣೆ ೧೭೮೮ರಲ್ಲಿ ಆರಂಭವಾದಾಗ ಅದೂ ಬೀಸಣಿಗೆಯೇರಿತು. ಬಂಗಾಳದ ಆಡಳಿತದ ಪಾಪಪುಣ್ಯಗಳ ವಿಚಾರಣೆಯನ್ನು ನೋಡಲು ಬಂದ ಹೆಂಗಸರು ಗಾಳಿ ಬೀಸಿಕೊಳ್ಳುವುದಕ್ಕೂ ಅದೊಂದು ವಿಷಯವಾಯಿತು. ಇತಿಹಾಸಕಾರರು ಬರೆಯಲು ಮರೆತುದನ್ನು ಬೀಸಣಿಗೆ ನೆನಪಿಟ್ಟುಕೊಂಡಿತ್ತು. ಬೀಸಣಿಗೆಯನ್ನು ಈಕೆ ನೆನಪಿಟ್ಟುಕೊಂಡಳು.

ಬೀಸಣಿಗೆಗಳ ಚಿತ್ರಗಳೊಡನೆ ಎರಡು ದೊಡ್ಡ ಸಂಪುಟಗಳನ್ನು ೧೮೮೮ ಮತ್ತು ೧೮೯೦ರಲ್ಲಿ ಪ್ರಕಟಿಸಿ, ಸಂಗ್ರಹವನ್ನು ೧೮೯೧ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟಳು. ಆ ವರ್ಷದ ಡಿಸೆಂಬರಿನಲ್ಲಿ ಲಂಡನ್ನಿನ ಬೀಸಣಿಗೆ ತಯಾರಕರ ಸಂಘ ಆಕೆಗೆ ಗೌರವ ಸದಸ್ಯತ್ವವನ್ನಿತ್ತಿತು. ದೊಡ್ಡ ಮನೆಯ ಹೆಣ್ಣಿಗೆ ಕಸುಬುದಾರರು ಕೊಟ್ಟ ಮನ್ನಣೆ. ಅದಕ್ಕೊಂದು ಬೇರೆಯ ತೂಕವಿದೆ. ಇಸ್ಪೀಟಿನ ಎಲೆಗಳನ್ನು ಕುರಿತ ಮೂರು ಸಂಪುಟಗಳು ೧೮೯೨ರಿಂದ ಹೊರಬರತೊಡಗಿದುವು. ಬ್ರಿಟಿಷ್ ಮ್ಯೂಸಿಯಮ್ಮಿನ ಆಗಸ್ಟಸ್ ಫ್ರಾಂಕ್ಸ್ ಎಂಬ ಮಹಾಸಂಗ್ರಾಹಕ, ಆಕೆಯ ಬಹುಕಾಲದ ಗೆಳೆಯ ಮತ್ತು ಬೇಟೆಯ ಪ್ರತಿಸ್ಪರ್ಧಿ, ಆ ಕೆಲಸದಲ್ಲಿ ನೆರವಾದ. ಮೂರನೆಯ ಸಂಪುಟ ಅಚ್ಚಾದುದು ೧೮೯೫ರಲ್ಲಿ. ಎಲೆಗಳೂ ಆಕೆಯ ಮರಣಶಾಸನದ ಮೇರೆಗೆ ಅದೇ ಸಂಗ್ರಹಾಲಯಕ್ಕೆ ಸಂದುವು.

ಹಳೆಯ ವಸ್ತುಗಳ ಮೋಹದಲ್ಲಿ ಜೀವಂತ ಕೈಗಳನ್ನು ಆಕೆ ಪೂರ್ತಿ ಮರೆತಿರಲಿಲ್ಲವೆಂಬುದಕ್ಕೆ ಒಂದೆರಡು ಸಾಕ್ಷಿಗಳಿವೆ. ೧೮೭೭-೭೮ರ ರಷ್ಯಾ-ತುರ್ಕಿ ಯುದ್ಧದಲ್ಲಿ ನೆಲೆ ಕಳೆದುಕೊಂಡ ಹೆಂಗಸರ ಕಸೂತಿಯನ್ನು ಮಾರಿಸಿ ಅವರಿಗೆ ಅನ್ನ ದೊರಕಿಸುತ್ತಿದ್ದ ನಿಧಿಗಾಗಿ ಆಕೆ ದುಡಿದಳು. ಮಗಳು ಈನಿಡಳ ಗಂಡ ಹೆನ್ರಿ ಲೇಯರ್ಡ್, ನಿನೆವೆಯನ್ನು ಅಗೆದು ತೆಗೆದ ಪುರಾತತ್ತ್ವಜ್ಞ, ಆಗ ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ಬ್ರಿಟನ್ನಿನ ರಾಯಭಾರಿ. ಆ ಮಗಳಿಗೆ ತಾಯಿ ಇಟ್ಟ ಹೆಸರು ಮ್ಯಾಬಿನೋಗಿಯನ್ನಿನ ನಾಯಿಕೆಯದು ಎಂಬುದನ್ನು ವಾಚಕರು ಗಮನಿಸಿರಬಹುದು. ಲಂಡನ್ನಿನಲ್ಲಿ ಬಾಡಿಗೆ ಕುದುರೆಗಾಡಿಯವರು ಮಳೆಚಳಿಗಳಲ್ಲಿ ಬೀದಿಯಲ್ಲೇ ಕಾಯುವುದನ್ನು ಕಂಡು, ಅವರಿಗೊಂದು ತಂಗುಮನೆಯ ಏರ್ಪಾಡು ಮಾಡಿದಳು.

ಕಡೆಯ ವರ್ಷಗಳಲ್ಲಿ ದೃಷ್ಟಿ ಹೋಯಿತು. ಬಟ್ಟಲಿನ ಅಡಿಯ ಕೂದಲೆಳೆಯಷ್ಟು ಸಣ್ಣ ಮುದ್ರೆಯನ್ನು ಗುರುತಿಸುತ್ತಿದ್ದ ಕಣ್ಣು ಅದು. ಎಪ್ಪತ್ತು ವರ್ಷ ಬಿಡದೆ ನಡೆದ ದಿನಚರಿ ನಿಂತಿತು. ಕೈ ಮಾತ್ರ ನಿಲ್ಲಲಿಲ್ಲ. ಆ ಮುದುಕಿ ಕುರುಡಿಯಾಗಿ ಕುಳಿತು, ಗಾಡಿಯವರ ಕತ್ತಿಗೆಂದು ಕೆಂಪು ಉಣ್ಣೆಯ ಮಫ್ಲರುಗಳನ್ನು ಹೆಣೆಯುತ್ತಿದ್ದಳು. ೧೮೯೫ರ ಜನವರಿ ೧೫ರಂದು, ಎಂಬತ್ತೆರಡನೆಯ ವಯಸ್ಸಿನಲ್ಲಿ, ಕ್ಯಾನ್‌ಫರ್ಡಿನಲ್ಲಿ ತೀರಿಕೊಂಡಳು. ಮೊಮ್ಮಗನೊಬ್ಬ, ಬೆಸ್‌ಬರೋದ ಅರ್ಲ್, ದಿನಚರಿಯ ಉಳಿದ ಭಾಗಗಳಿಂದ ಆಯ್ದು ೧೯೫೦ ಮತ್ತು ೧೯೫೨ರಲ್ಲಿ ಎರಡು ಪುಸ್ತಕಗಳನ್ನು ಪ್ರಕಟಿಸಿದ. ಗೆಸ್ಟ್ ಮತ್ತು ಷ್ರೈಬರ್ ಎಂಬ ಇಬ್ಬರು ಹೆಂಗಸರು ಲೋಕದ ಕಣ್ಣಿಗೆ ಮತ್ತೆ ಒಬ್ಬಳಾದುದು ಆಮೇಲೆ.

ಆಕೆ ಹೆಣೆದ ಮಫ್ಲರುಗಳಿಗೆ ಯಾವ ಸಂಗ್ರಹಾಲಯದ ಸೂಚಿಯೂ ಇಲ್ಲ. ಅವು ಗಾಡಿಯವರ ಕತ್ತಿನ ಮೇಲೆ ಸವೆದು ಹೋಗಿರಬೇಕು. ಅದರ ಬಗ್ಗೆ ನನಗೆ ವ್ಯಥೆಯಿಲ್ಲ. ತೊಟ್ಟವರ ಮೈಮೇಲೆ ಸವೆಯುವುದು ಬಟ್ಟೆಗೆ ಸಹಜವಾದ ಸಾವು. ನನ್ನ ಅಜ್ಜಿಯ ಸೀರೆಗೆ ನಾನು ಕೊಡಿಸಿದ ಸಾವು ಅಂಥದಲ್ಲ. ತರಗತಿಯಲ್ಲಿ ಹಳಗನ್ನಡದ ಒಂದು ಶಬ್ದದ ಉಳಿವಿಗಾಗಿ ಗಂಟೆಗಟ್ಟಲೆ ವಾದಿಸುವ ನಾನು, ಮನೆಯೊಳಗಿದ್ದ ಒಂದು ಸೆರಗನ್ನು ಓದಲು ಕಲಿಯಲಿಲ್ಲ. ಕಳೆದ ರಜೆಯಲ್ಲಿ ಊರಿಗೆ ಹೋದಾಗ ಅಟ್ಟ ಹತ್ತಿ ನೋಡಿದೆ. ಪೆಟ್ಟಿಗೆ ಹಾಗೆಯೇ ಇದೆ. ತಳದಲ್ಲಿ ಜರಿಯ ಒಂದು ಎಳೆ, ಬೆರಳುದ್ದದ್ದು, ಹಲಗೆಯ ಸೀಳಿಗೆ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಿ ಕಾಗದದಲ್ಲಿ ಸುತ್ತಿ, ಮೇಲೆ ಅಜ್ಜಿಯ ಹೆಸರು, ಊರು, ನನಗೆ ತಿಳಿದಷ್ಟು ವಿವರ ಬರೆದಿಟ್ಟಿದ್ದೇನೆ.